ಫೋಟೋ ಬೇಡ ಎಂದಿದ್ದ ಟೀಚರ್

ಕಳೆದ ವಾರ ಎರ್ನಾಕುಲಂನ ನಮ್ಮ ಆಫೀಸಿನ ಮೀಟಿಂಗ್ ರೂಮಿನಲ್ಲಿ ಯಾರೋ ಹೊಸ ಮಾರ್ಕರ್ ಪೆನ್ನಿನ ಮುಚ್ಚಳ ತೆಗೆದರು. ಆ ಕಟುವಾಸನೆ ಮೂಗಿಗೆ ಬಡಿದದ್ದೇ, ಟೀಚರ್ ಬೋರ್ಡಿನ ಪಕ್ಕ ಬಂದು ನಿಂತಂತಾಯಿತು...

ಏಳು ವರ್ಷದ ಹಿಂದೆ ಪುತ್ತೂರಿನಿಂದ ಕೆಲಸಕ್ಕೆ ಬಂದಾಗ ನನಗೆ ಇಂಗ್ಲಿಷ್ ಓದಲು ಬರುತ್ತಿತ್ತು, ಮಾತಾಡಲು ನಾಲಿಗೆ ಏಳುತ್ತಿರಲಿಲ್ಲ. ಇಲ್ಲೇ ಎಡಪ್ಪಳ್ಳಿಯಲ್ಲಿ, ಚಹಾದಂಗಡಿಯ ಮೇಲಿನ ಮಹಡಿಯ ಸಂಜೆ ಕ್ಲಾಸಿಗೆ ಸೇರಿದೆ. ಕಲಿಸುತ್ತಿದ್ದವರು ಐವತ್ತರ ಆಸುಪಾಸಿನ ಹೆಂಗಸು, ಕಾಸರಗೋಡಿನ ಕಡೆಯವರು. ನಾನು ಕನ್ನಡದವಳೆಂದು ತಿಳಿದ ದಿನ, "ಕನ್ನಡ ಮಾತಾಡದೆ ಎಷ್ಟು ವರ್ಷ ಆಯ್ತು ಮಾರಾಯ್ತಿ" ಎಂದು ಕೈ ಹಿಡಿದುಕೊಂಡೇ ನಿಂತಿದ್ದರು.

ಒಂದು ಸಂಜೆ ಕ್ಯಾಮೆರಾ, ಫೋಟೋಗಳಿಂದ ಹುಟ್ಟಿದ ಇಂಗ್ಲಿಷ್ ನುಡಿಗಟ್ಟುಗಳ ಪಾಠ. 'ಗೆಟ್ ದ ಪಿಕ್ಚರ್' ಎಂದರೆ ಚಿತ್ರ ಸಿಗುವುದಲ್ಲ, ವಿಷಯ ಅರ್ಥವಾಗುವುದು. 'ಔಟ್ ಆಫ್ ದ ಪಿಕ್ಚರ್' ಎಂದರೆ ಆ ಮನುಷ್ಯನಿಗೂ ಆ ವಿಷಯಕ್ಕೂ ಇನ್ನು ಸಂಬಂಧವಿಲ್ಲ. ಟೀಚರ್ ಕೊಟ್ಟ ಉದಾಹರಣೆ, "ಮೈ ಹಸ್ಬೆಂಡ್ ಈಸ್ ಔಟ್ ಆಫ್ ದ ಪಿಕ್ಚರ್." ನಾವು ಅದನ್ನೂ ಸುಮ್ಮನೆ ಬರೆದುಕೊಂಡೆವು.

'ಕ್ಯಾಮೆರಾ ಶೈ' ಎಂಬುದಕ್ಕೆ ನಾನು 'ಫೋಟೋ ತೆಗೆಯುವಾಗ ನಾಚುವವರು' ಎಂದು ಬರೆದಿದ್ದೆ. ಅವರು ಬಗ್ಗಿ ನೋಡಿದರು.

"ನಾಚಿಕೆ ಮಾತ್ರ ಅಲ್ಲ. ಫೋಟೋ ಬೇಡ ಅನ್ನುವವರಿಗೆಲ್ಲ ಹಾಗೆ ಹೇಳ್ತಾರೆ. ಬೇಡ ಅಂದ್ರೆ ಏನಾದ್ರೂ ಕಾರಣ ಉಂಟು ಅಂತ ತಿಳ್ಕೊಳ್ಬೇಕು."

ನಾನು ತಲೆಯಾಡಿಸಿದೆ. ಬರೆದದ್ದನ್ನು ತಿದ್ದಲಿಲ್ಲ.

ಕೊನೆಯ ದಿನ ಎಲ್ಲರೂ ಫೋಟೋಗೆ ಕರೆದಾಗ, "ನಾನು ಕ್ಯಾಮೆರಾ ಶೈ, ನೀವು ನಿಲ್ಲಿ" ಎಂದು ಪಕ್ಕಕ್ಕೆ ಸರಿದರು. ನಾವು ನಕ್ಕೆವು. ಆಮೇಲೆ ಅವರು ಬೋರ್ಡ್ ಒರೆಸಿ ತಿರುಗಿದ ಕ್ಷಣದಲ್ಲಿ ನಾನೊಂದು ಫೋಟೋ ತೆಗೆದೆ. ಮುಖ ಚೆನ್ನಾಗಿ ಬಂದಿತ್ತು. ಪ್ರೀತಿಯಿಂದಲೇ, ಹೆಸರು, ಜಾಗ ಎಲ್ಲ ಬರೆದು ಇಂಟರ್ನೆಟ್ಟಿಗೆ ಹಾಕಿದೆ.

ಎರಡು ವಾರದ ನಂತರ, ಕೆಲಸ ಖಾಯಂ ಆದ ಸುದ್ದಿ ಹೇಳಲು ಹೋದರೆ ಬಾಗಿಲಿಗೆ ಬೀಗ. ಕೆಳಗೆ ಚಹಾದಂಗಡಿಯವರು, ನಾವೆಲ್ಲ ಚೇಟ್ಟನ್ (ಅಣ್ಣ) ಎನ್ನುತ್ತಿದ್ದವರು, ದನಿ ತಗ್ಗಿಸಿ ಹೇಳಿದರು. ತಿರುವನಂತಪುರದಿಂದ ಟೀಚರ ಗಂಡ ಬಂದಿದ್ದ, ಅಲ್ಲಿನ ಚಾಲೈ ಪೇಟೆಯಲ್ಲಿ ಅಂಗಡಿ ಇರುವವನು. ಅವನ ಹೊಡೆತ ತಾಳದೆ ಅವರು ಓಡಿಬಂದು ಆರು ವರ್ಷವಾಗಿತ್ತಂತೆ. ಅವನ ದನಿ ಕೇಳಿದ್ದೇ ಹಿಂದಿನ ಮೆಟ್ಟಿಲಿನಿಂದ ಇಳಿದು ಹೋದವರು ತಮ್ಮ ಬ್ಯಾಗನ್ನೂ ತೆಗೆದುಕೊಂಡಿರಲಿಲ್ಲ.

"ಫೋಟೋ ಕಂಡಿಟ್ಟಾ ವನ್ನತ್, ಮೋಳೇ" ಎಂದರು. ಫೋಟೋ ನೋಡಿಯೇ ಬಂದದ್ದಂತೆ.

ಮೆಟ್ಟಿಲ ಮೇಲೆ ಕುಳಿತು ಅದನ್ನು ಅಳಿಸಿದೆ. ಅಳಿಸಿ ಏನಾಗಬೇಕಿತ್ತು...

ತಿಂಗಳ ನಂತರ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು.

"ನೀನು ಹಾಕಿದ್ದಾ?"

"ಹೌದು ಟೀಚರೇ. ನಂಗೆ ಗೊತ್ತಿರ್ಲಿಲ್ಲ."

"ಗೊತ್ತಿರ್ಲಿಲ್ಲ, ಸರಿ. ಹೇಳಿದ್ದೆನಲ್ಲ" ಎಂದರು. ಕರೆ ಕಡಿದುಹೋಯಿತು. ಆ ನಂಬರು ಮತ್ತೆ ಸಿಗಲೇ ಇಲ್ಲ.

ಆಫೀಸಿನ ಕೆಲಸಕ್ಕೆ ತಿರುವನಂತಪುರಕ್ಕೆ ಹೋದಾಗೆಲ್ಲ ಚಾಲೈ ಬೀದಿಯಲ್ಲಿ ನಡೆಯುತ್ತೇನೆ. ಗಲ್ಲಾದ ಹಿಂದೆ ಕುಳಿತ ಪ್ರತಿ ಗಂಡಸಿನ ಮುಖ ನೋಡುತ್ತೇನೆ. ಅವನು ಯಾರೆಂದು ಗೊತ್ತಿಲ್ಲ. ಯಾರನ್ನೂ ವಿಚಾರಿಸುವುದಿಲ್ಲ. ನನ್ನ ಒಂದು ಪ್ರಶ್ನೆಯಿಂದ ಮತ್ತೇನು ಆದೀತೋ ಎಂಬ ಹೆದರಿಕೆ.

ಈಗ ಮೀಟಿಂಗುಗಳಲ್ಲಿ ನಾನು ಸಲೀಸಾಗಿ ಮಾತಾಡುತ್ತೇನೆ. ಇಷ್ಟು ಒಳ್ಳೆಯ ಇಂಗ್ಲಿಷ್ ಯಾರ ಹತ್ತಿರ ಕಲಿತಿರಿ ಎಂದು ಹೊಸಬರು ಕೇಳುತ್ತಾರೆ. ಒಬ್ಬ ಟೀಚರ್ ಇದ್ದರು ಎನ್ನುತ್ತೇನೆ, ಅಷ್ಟೇ. ಅವರ ಹೆಸರನ್ನು ನಾನು ಎಲ್ಲಿಯೂ ಹೇಳುವುದಿಲ್ಲ. ಇಲ್ಲಿಯೂ ಬರೆದಿಲ್ಲ.