ಹುರುಳಿ ರಸ್ತೆಯ ಗೇಟ್ ನರಸಿಂಹಯ್ಯ

ತ್ಯಾಮಗೊಂಡ್ಲಿನಿಂದ ನೆಲಮಂಗಲಕ್ಕೆ ಹೊರಡುತ್ತಿದ್ದ ಬೆಳಗಿನ ಮೊದಲ ಬಸ್ಸಿನ ಡ್ರೈವರ್ ನರಸಿಂಹಯ್ಯನಿಗೆ ನಮ್ಮೂರಿನವರು ಇಟ್ಟ ಅಡ್ಡಹೆಸರು ಗೇಟ್ ನರಸಿಂಹಯ್ಯ. ನನಗೆ ಆಗ ಬೆಂಗಳೂರಿನ ಬಟ್ಟೆ ಗಿರಣಿಯಲ್ಲಿ ಕೆಲಸ. ನೆಲಮಂಗಲದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು, ತಡವಾದರೆ ಗಿರಣಿಯ ಬಾಗಿಲು ಮುಚ್ಚಿರುತ್ತಿತ್ತು. ಹಾಗಾಗಿ ದಾರಿಯಲ್ಲಿ ಬಸ್ಸು ನಿಲ್ಲಿಸುವ ಡ್ರೈವರ್ ಎಂದರೆ ನನಗೆ ಮೈಯೆಲ್ಲ ಉರಿ. ಆದರೂ ಅವನ ಹಿಂದಿನ ಸೀಟಿನಲ್ಲೇ ಕೂರುತ್ತಿದ್ದೆ, ಇಂಜಿನ್ನಿನ ಬಿಸಿ ಅಲ್ಲಿಗೆ ಬರುತ್ತಿತ್ತು.

ನರಸಿಂಹಯ್ಯ ಚೀನಾ ಯುದ್ಧ ಮುಗಿದ ಮೇಲೆ ಮಿಲಿಟರಿ ಸೇರಿ, ಲಡಾಖಿನಲ್ಲಿ ಲಾರಿ ಓಡಿಸಿ ಬಂದವನು. ನಾವು ಯುದ್ಧದ ಕತೆ ಕೇಳಿದರೆ ಅವನು ಹಿಮದ ಕತೆ ಹೇಳುತ್ತಿದ್ದ. ಗುಂಡು ಹಾರಿದ್ದನ್ನು ಅವನು ನೋಡಿಯೇ ಇರಲಿಲ್ಲವಂತೆ. ನೋಡಿದ್ದೆಲ್ಲ ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಪ್ರಪಾತ, ನಡುವೆ ಹಿಮ ಮುಚ್ಚಿದ ದಾರಿ.

"ಚಕ್ರ ನಮ್ಮ ಮಾತು ಕೇಳಲ್ಲ ಕಣಪ್ಪಾ. ಸ್ಟೇರಿಂಗು ಈ ಕಡೆ ತಿರುಗಿಸಿದ್ರೆ ಲಾರಿ ಆ ಕಡೆ ಹೋಗ್ತದೆ. ಬ್ರೇಕ್ ಒತ್ತಿದೋನು ಕೆಟ್ಟ. ಸುಮ್ನೆ ಕೂತ್ಕೊಂಡು ಏನಾಗ್ತದೋ ನೋಡ್ಬೇಕು ಅಷ್ಟೆ," ಎನ್ನುತ್ತಿದ್ದ. ಹೇಳುವಾಗ ಅವನ ಬಲಗಾಲು ತಾನಾಗಿಯೇ ನೆಲ ಬಿಟ್ಟು ಮೇಲೇಳುತ್ತಿತ್ತು.

ಅಲ್ಲಿ ಒಂದು ನೆಮ್ಮದಿಯೂ ಇತ್ತಂತೆ. ಹಿಮ ಜೋರಾದರೆ ಘಾಟಿ ಶುರುವಾಗುವ ಕಡೆ ಗೇಟು ಹಾಕಿಬಿಡುತ್ತಿದ್ದರು. ಎಂಥ ದೊಡ್ಡ ಸಾಹೇಬರ ಗಾಡಿಯಾದರೂ ನಿಲ್ಲಲೇಬೇಕು. ನಿಂತವನನ್ನು ಯಾರೂ ಹೇಡಿ ಎನ್ನುತ್ತಿರಲಿಲ್ಲ. ಜನ್ಮದಲ್ಲಿ ಇನ್ನು ಜಾರುವ ದಾರಿಯ ಸಹವಾಸ ಬೇಡ ಎಂದುಕೊಂಡು ಅವನು ಊರಿಗೆ ಬಂದ. ಬಂದರೆ ಇಲ್ಲಿ ಹುರುಳಿ ಕಾದಿತ್ತು.

ಅವನು ಮಿಲಿಟರಿಯಲ್ಲಿದ್ದಾಗಲೇ ನಮ್ಮೂರ ರಸ್ತೆಗೆ ಡಾಂಬರು ಬಿದ್ದಿತ್ತು. ಅದಕ್ಕೆ ಮೊದಲು ಎಲ್ಲರೂ ಹೊಲದಲ್ಲೇ ನೆಲ ಗಟ್ಟಿಸಿ, ಸಗಣಿ ಸಾರಿಸಿ ಕಣ ಮಾಡುತ್ತಿದ್ದರು. ಎತ್ತು ಕಟ್ಟಿ ರೋಣಗಲ್ಲು ಉರುಳಿಸಿ ಕಾಳು ಬಿಡಿಸುತ್ತಿದ್ದರು. ಡಾಂಬರು ಬಂದದ್ದೇ ತಡ, ಕಣವೂ ಹೋಯಿತು, ಕಲ್ಲೂ ಹೋಯಿತು. ರಾಗಿಯ ತೆನೆ, ಹುರುಳಿಯ ಗಿಡ ಎಲ್ಲ ರಸ್ತೆಯ ಮೇಲೆ. ಬಸ್ಸು ಲಾರಿಗಳು ಪುಕ್ಕಟೆಯಾಗಿ ತುಳಿದುಕೊಡುತ್ತವೆ. ಹಾಸಿದ್ದು ಚದುರದಿರಲಿ ಎಂದು ಸುತ್ತಲೂ ದಪ್ಪ ಕಲ್ಲು ಬೇರೆ. ಹಾಸಿದ್ದನ್ನು ಸಂಜೆ ಎತ್ತುವ ತೊಂದರೆ ಯಾರಿಗೆ ಬೇಕು? ಬೆಳಗಾಗುವಷ್ಟರಲ್ಲಿ ಗಿಡವೆಲ್ಲ ಇಬ್ಬನಿಗೆ ನೆನೆದು, ಅದರಡಿ ಉದುರಿದ ಕಾಳು ಚಕ್ರಕ್ಕೆ ಸಿಕ್ಕಿ ಉರುಳುತ್ತಿತ್ತು. ಪುಷ್ಯ ಮಾಸದ ಮಂಜಿನಲ್ಲಿ ಶಿವಗಂಗೆ ಬೆಟ್ಟವೇ ಕಾಣದಿರುವಾಗ ಕಲ್ಲು ಎಲ್ಲಿಂದ ಕಾಣಬೇಕು?

ಎಲ್ಲರಿಗಿಂತ ಅಗಲಕ್ಕೆ ಹಾಸುತ್ತಿದ್ದವನು ನರಸಿಂಹಯ್ಯನ ಸ್ವಂತ ಅಣ್ಣ ದೊಡ್ಡಮುನಿಯಪ್ಪ. ಅದೂ ಕೆರೆ ಏರಿಯ ತಿರುವಿನಲ್ಲಿ, ಜಾರಿದರೆ ನೇರ ನೀರಿಗೆ. ವರ್ಷದ ಮೊದಲ ಹುರುಳಿಯನ್ನು ತಮ್ಮನ ಬಸ್ಸೇ ತುಳಿಯಬೇಕೆಂಬುದು ಅವನ ಹಟ. ಹಿಂದೆ ಮನೆಯ ಎತ್ತು ಮೊದಲು ಕಣ ತುಳಿಯುತ್ತಿತ್ತಲ್ಲ, ಹಾಗೆ. ಆ ದಿನ ಬಸ್ಸಿನ ಮುಂದೆ ಕಾಯಿ ಒಡೆದು, ಎತ್ತಿನ ಕೊರಳಿಗೆ ಕಟ್ಟುವಂತೆ ಬಂಪರಿಗೆ ಚೆಂಡುಹೂವಿನ ಹಾರ ಕಟ್ಟುತ್ತಿದ್ದ.

"ಅಣ್ಣಾ, ಮೊದಲ್ನೇ ಬಸ್ಸು ಹೋಗ್ಲಿ, ಬಿಸಿಲು ಬಂದ್ಮೇಲೆ ಹಾಸು," ಎಂದು ನರಸಿಂಹಯ್ಯ ಬೇಡಿಕೊಂಡಿದ್ದ.

"ಅಷ್ಟೊತ್ತಿಗೆ ಬೇರೆಯೋರು ಜಾಗ ಹಿಡ್ಕೊಂಡಿರ್ತಾರೆ ಕಣ್ಲಾ. ಬಸ್ಸು ಓಡ್ಸೋದು ನಿನ್ ಕೆಲ್ಸ, ಹಾಸೋದು ನನ್ ಕೆಲ್ಸ."

ಅದಕ್ಕಿಂತ ಹೆಚ್ಚು ಮಾತಾಡಲು ನರಸಿಂಹಯ್ಯನಿಗೆ ಬಾಯಿಲ್ಲ. ಅಪ್ಪ ಸತ್ತ ಮೇಲೆ ಅವನನ್ನು ಸಾಕಿದವನು ಅಣ್ಣ. ಅವನು ಲಡಾಖಿನಲ್ಲಿದ್ದಷ್ಟು ದಿನವೂ ಹೆಂಡತಿ ಅಕ್ಕಯಮ್ಮ, ಮಕ್ಕಳು ಉಂಡದ್ದು ಅಣ್ಣನ ಮನೆಯ ಮುದ್ದೆ. ಮನೆ ಇನ್ನೂ ಪಾಲಾಗಿರಲಿಲ್ಲ. ಅಣ್ಣನಿಗೆ ಎದುರಾಡುವುದು ಒತ್ತಟ್ಟಿಗಿರಲಿ, ಅವನ ಮುಂದೆ ಬೀಡಿ ಸೇದಿದವನಲ್ಲ.

ಕೊನೆಗೆ ಅವನೇ ಒಂದು ದಾರಿ ಕಂಡುಕೊಂಡ. ಮಂಜು ಬಿದ್ದ ದಿನ ತಿರುವಿಗೆ ಮುಂಚೆ ಬಸ್ಸು ನಿಲ್ಲಿಸಿ ಎಲ್ಲರನ್ನೂ ಇಳಿಸುತ್ತಿದ್ದ. ಕಂಡಕ್ಟರ್ ಗಂಗಣ್ಣ ಮುಂದೆ ಹೋಗಿ ಹುರುಳಿಯ ಮೇಲೆ ಯಾರೂ ಇಲ್ಲವೆಂದು ನೋಡಿ ಬರುತ್ತಿದ್ದ. ನಾವು ಚಳಿಯಲ್ಲಿ ಗದಗುಟ್ಟುತ್ತಾ ನಡೆದು ದಾಟಬೇಕು, ಆಮೇಲೆ ಅವನು ಖಾಲಿ ಬಸ್ಸನ್ನು ಆಮೆಯಂತೆ ತರುತ್ತಿದ್ದ. "ಮಿಲಿಟ್ರಿಯೋನಂತೆ, ಹುರುಳಿ ಸೊಪ್ಪಿಗೆ ಹೆದರ್ತಾನೆ," ಎಂದು ಹೂವು ಮಾರುವ ಅಮ್ಮಯಮ್ಮ ದಿನಾ ಅವನಿಗೆ ಕೇಳುವಂತೆಯೇ ಹೇಳುತ್ತಿದ್ದಳು. ಗೇಟ್ ಎಂಬ ಹೆಸರು ಹುಟ್ಟಿದ್ದು ಆಗಲೇ. ಅವನಿಗೋ ನಿಂತರೆ ನಮ್ಮ ಬೈಗುಳ, ಹೋದರೆ ಕೆರೆ, ಬೇಡವೆಂದರೆ ಅಣ್ಣ. ಆ ಮನುಷ್ಯ ಎಂಥ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿದ್ದಾನೆಂದು ಬಸ್ಸಿನಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ದೂರು ಬಸ್ಸಿನ ಮಾಲೀಕ ಚಿನ್ನಸ್ವಾಮಿಯ ಕಿವಿಗೆ ಬಿತ್ತು. ಎಪ್ಪತ್ಮೂರನೇ ಇಸವಿಯ ಚಳಿಗಾಲದ ಒಂದು ಬೆಳಗ್ಗೆ, ಮಫ್ಲರ್ ಸುತ್ತಿಕೊಂಡು ಅವನೇ ಬಂದು ನನ್ನ ಪಕ್ಕ ಕೂತ. ಅಂದಿನಂಥ ಮಂಜನ್ನು ನಾನು ಹಿಂದೆ ನೋಡಿರಲಿಲ್ಲ. ದೀಪ ಹಾಕಿದರೆ ಮುಂದೆ ಬಿಳಿ ಗೋಡೆ ನಿಂತಂತೆ ಕಾಣುತ್ತಿತ್ತು. ತಿರುವು ಬಂತು, ಬಸ್ಸು ನಿಂತಿತು.

"ಏನಪ್ಪಾ ನರಸಿಂಹಯ್ಯ, ಯಾಕೆ?"

"ಹುರುಳಿ ಹಾಸವ್ರೆ ಸಾಹುಕಾರ್ರೇ. ಜನ ಇಳೀಲಿ."

"ಯಾರೂ ಇಳಿಯಂಗಿಲ್ಲ. ಹೊಡಿ. ಇಲ್ಲಾಂದ್ರೆ ನಾಳೆಯಿಂದ ಬರಬೇಡ."

ನರಸಿಂಹಯ್ಯ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದ. ಹಿಂದಿನಿಂದ ಅವನ ಕಿವಿ ಕೆಂಪಾಗಿದ್ದು ನನಗೆ ಕಾಣುತ್ತಿತ್ತು. ಆಮೇಲೆ ಹ್ಯಾಂಡ್ ಬ್ರೇಕ್ ಎಳೆದು, "ನನ್ ಕೈಲಿ ಆಗಲ್ಲ. ನೀವೇ ಹೊಡೀರಿ," ಎಂದು ಬಾಗಿಲು ತೆರೆದು ಇಳಿದುಬಿಟ್ಟ.

ಚಿನ್ನಸ್ವಾಮಿ ಒಂದು ಕಾಲದಲ್ಲಿ ಲಾರಿ ಓಡಿಸಿದವನೇ. ಅಷ್ಟು ಜನರ ಮುಂದೆ ಮಾತು ಬಿದ್ದ ಸಿಟ್ಟಿಗೆ ತಾನೇ ಹೋಗಿ ಡ್ರೈವರ್ ಸೀಟಿನಲ್ಲಿ ಕೂತ. ಬಸ್ಸು ಹೊರಟಿತು. ನೋಡಿದರೆ, ದೀಪದ ಬೆಳಕಿನಲ್ಲಿ ಬಸ್ಸಿನ ಮುಂದೆಯೇ ನರಸಿಂಹಯ್ಯ ನಡೆಯುತ್ತಿದ್ದಾನೆ. ಹಾರನ್ ಹೊಡೆದರೂ ಪಕ್ಕಕ್ಕೆ ಸರಿಯಲಿಲ್ಲ, ತಿರುಗಿಯೂ ನೋಡಲಿಲ್ಲ. ಅವನನ್ನು ಗುದ್ದದೆ ಬಸ್ಸು ಅವನಿಗಿಂತ ಜೋರಾಗಿ ಹೋಗುವಂತಿರಲಿಲ್ಲ. ಮಾಲೀಕ ಬಾಯಿಗೆ ಬಂದಂತೆ ಬೈಯುತ್ತಾ ಹಿಂದೆಯೇ ತೆವಳಿಸಿದ. ಹುರುಳಿಯ ಮೇಲೆ ಚಕ್ರ ಹತ್ತಿದ್ದೇ ಬಸ್ಸಿನ ಹಿಂಭಾಗ ಕೆರೆಯ ಕಡೆಗೆ ಒಮ್ಮೆ ಸರಿಯಿತು. ಅಮ್ಮಯಮ್ಮ ನನ್ನ ತೋಳು ಹಿಡಿದುಕೊಂಡಳು. ಚಿನ್ನಸ್ವಾಮಿಯ ಬೈಗುಳ ನಿಂತಿತು.

ಅಷ್ಟರಲ್ಲಿ ನರಸಿಂಹಯ್ಯ ಮುಗ್ಗರಿಸಿ ಬಿದ್ದ. ಬಿದ್ದವನು ಎರಡೂ ಕೈ ಮೇಲೆತ್ತಿದ. ಬಸ್ಸು ಅವನಿಂದ ಒಂದು ಮಾರು ದೂರದಲ್ಲಿ ನಿಂತಿತು. ನಾವೆಲ್ಲ ಇಳಿದು ಓಡಿದೆವು. ಅವನ ಕಾಲಿಗೆ ಸಿಕ್ಕಿದ್ದು ಕಲ್ಲಲ್ಲ, ಮನುಷ್ಯನ ಕಾಲು. ಹುರುಳಿ ಗಿಡ ಸರಿಯಿತು, ಒಳಗಿನಿಂದ ಕಂಬಳಿ ಹೊದ್ದ ದೊಡ್ಡಮುನಿಯಪ್ಪ ಕಣ್ಣುಜ್ಜುತ್ತಾ ಎದ್ದು ಕೂತ. ಬೆಳೆ ಕಾಯಲು ಬಂದು, ಚಳಿಗೆ ಅದರೊಳಗೇ ಹೂತುಕೊಂಡು ಮಲಗಿದ್ದ.

"ಯಾರ್ಲಾ ಅದು ತುಳಿಯೋನು?"

ಗಂಗಣ್ಣ ರೇಗಿದ. "ನಿಂಗೆ ಬುದ್ಧಿ ಐತಾ ದೊಡ್ಡಮುನಿಯಪ್ಪಣ್ಣ? ರಸ್ತೆ ಮಧ್ಯ ಮಲಗ್ತಾರಾ?"

"ನನ್ ತಮ್ಮ ಹೆಂಗೂ ಇಲ್ಲಿ ಬಸ್ ನಿಲ್ಲಿಸ್ತಾನಲ್ಲಪ್ಪಾ," ಎಂದ ದೊಡ್ಡಮುನಿಯಪ್ಪ, ತಲೆಯಿಂದ ಹೊಟ್ಟು ಒದರುತ್ತಾ. "ಆ ಧೈರ್ಯದ ಮೇಲೇ ಮಲಗಿದ್ದೆ. ಗಂಗಣ್ಣ, ನೀನು ಬಂದು ನೋಡಿ ಎಬ್ಬಿಸ್ತೀಯಾ ಅಂತಿದ್ದೆ."

ನರಸಿಂಹಯ್ಯ ಅಣ್ಣನ ಮುಖವನ್ನೇ ನೋಡುತ್ತಾ ಹುರುಳಿಯ ಮೇಲೆ ಕೂತುಬಿಟ್ಟ.

ಚಿನ್ನಸ್ವಾಮಿ ಜನರೆದುರು ಆದ ಅವಮಾನವನ್ನು ನುಂಗಿಕೊಳ್ಳುವ ಆಸಾಮಿಯಲ್ಲ. ಮರುದಿನ ಡ್ರೈವರ್ ಸೀಟಿನಲ್ಲಿ ತಿಪಟೂರು ಕಡೆಯ ಹೊಸಬನೊಬ್ಬ ಕೂತಿದ್ದ. ಮಂಜಿಗೂ ಹೆದರದ, ಯಾರ ಮಾತನ್ನೂ ಕೇಳದ ಹುಡುಗು ಮುಂಡೇದು. ಊರವರು ಬುದ್ಧಿ ಕಲಿತರೇ ಎಂದರೆ ಅದೂ ಇಲ್ಲ. ವಾರ ಕಳೆಯುವುದರೊಳಗೆ ತಿರುವಿನಲ್ಲಿ ಮತ್ತೆ ಹುರುಳಿ.

ಆ ಬೆಳಗ್ಗೆ ಹೊಸ ಡ್ರೈವರ್ ಜೋರಾಗಿಯೇ ಬರುತ್ತಿದ್ದ. ನಾನು ಸೀಟಿನ ಕಂಬಿ ಗಟ್ಟಿಯಾಗಿ ಹಿಡಿದುಕೊಂಡೆ. ತಿರುವಿಗೆ ಬಹಳ ಮುಂಚೆಯೇ ಮಂಜಿನೊಳಗೆ ಒಂದು ಲಾಟೀನು ಅತ್ತಿತ್ತ ಅಲ್ಲಾಡಿತು. ಮಿಲಿಟರಿಯ ಹಳೆಯ ಕೋಟು ಹಾಕಿಕೊಂಡು ನರಸಿಂಹಯ್ಯ ರಸ್ತೆಯ ನಡುವೆ ನಿಂತಿದ್ದ. ಡ್ರೈವರ್ ಬೈಯುತ್ತಾ ಬಸ್ಸು ನಿಲ್ಲಿಸಿದ. ನಾನು ಯಾರೂ ಹೇಳದೆಯೇ ಇಳಿದೆ. ಅಮ್ಮಯಮ್ಮನೂ ಬುಟ್ಟಿ ಎತ್ತಿಕೊಂಡು ಇಳಿದಳು.

"ದಿನಾ ನಿಂತ್ಕೋತೀಯಾ ಹಿಂಗೆ?" ಎಂದೆ.

"ಇನ್ನೇನು ಮಾಡ್ಲಪ್ಪಾ," ಎಂದು ಅವನು ಲಾಟೀನನ್ನು ನನ್ನ ಕೈಗೆ ಕೊಟ್ಟು, ಹುರುಳಿಯ ಮೇಲೆ ಮೆಲ್ಲಗೆ ಕಾಲಾಡಿಸುತ್ತಾ ಹೋದ. ಒಂದು ಕಡೆ ನಿಂತು ಬಗ್ಗಿದ.

"ಅಣ್ಣಾ, ಏಳು. ಬಸ್ಸು ಬಂತು."

"ನೀನಿದೀಯಲ್ಲ, ನಿಲ್ಸು," ಎಂದು ಹುರುಳಿಯೊಳಗಿನಿಂದ ದೊಡ್ಡಮುನಿಯಪ್ಪ ಮಗ್ಗುಲು ಬದಲಾಯಿಸಿದ.