ದೆಹಲಿಗೊಂದು ತಾಲೀಮು

ಮೊನ್ನೆ ಅಟ್ಟದ ಮೇಲಿನ ಟ್ರಂಕು ಇಳಿಸಿ ಮುಚ್ಚಳ ತೆಗೆದೆ. ನುಸಿಗುಳಿಗೆಯ ವಾಸನೆ ಮುಖಕ್ಕೆ ರಾಚಿತು. ಅದರ ಹಿಂದೆಯೇ, ಹಳೆಯ ಸೀರೆಗಳ ಸಂದಿಯಿಂದ, ಕಂದು ಬಣ್ಣದ ಮಂಕಿ ಕ್ಯಾಪೊಂದು ಕೈಗೆ ಬಂತು. ನಿಮ್ಮ ಮನೆಯ ಟ್ರಂಕಿನಲ್ಲೂ ಇಂಥದ್ದೊಂದು ಇರಬಹುದು. ಯಾರೂ ಹಾಕದ, ಯಾರೂ ಎಸೆಯದ ವಸ್ತುಗಳಿಗೆಂದೇ ಅಲ್ಲವೇ ಟ್ರಂಕುಗಳಿರುವುದು? ಮೈಸೂರಿನ ಚಳಿಗೆ ಮಂಕಿ ಕ್ಯಾಪು ಬೇಕಾಗುವುದು ಡಿಸೆಂಬರಿನಲ್ಲಿ ನಸುಕಿಗೇ ವಾಕಿಂಗ್ ಹೊರಡುವವರಿಗೆ ಮಾತ್ರ. ಈ ಟೋಪಿಯನ್ನು ನಾನು ಮೊದಲು ನೋಡಿದ್ದಾದರೋ ಒಂದು ಭಾನುವಾರದ ಸುಡುಬಿಸಿಲಿನಲ್ಲಿ, ಅರಮನೆಯ ಬಾಗಿಲ ಮುಂದೆ, ನನ್ನ ದೊಡ್ಡಪ್ಪನ ತಲೆಯ ಮೇಲೆ.

ದೊಡ್ಡಪ್ಪ ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರಾಗಿದ್ದವರು. ನಾನು ಕಾಲೇಜಿಗೆಂದು ಹುಣಸೂರಿನಿಂದ ಬಂದು ರಾಮಕೃಷ್ಣನಗರದ ಅವರ ಮನೆಯಲ್ಲಿ ಬಿಡಾರ ಹೂಡುವ ಹೊತ್ತಿಗೆ ಅವರಿಗೆ ನಿವೃತ್ತಿಯಾಗಿತ್ತು. ಅವರ ಒಬ್ಬಳೇ ಮಗಳು ಮದುವೆಯಾಗಿ ಹಾಸನ ಸೇರಿದ್ದರಿಂದ ಅವಳ ಕೋಣೆ ನನ್ನದಾಯಿತು. ಆ ಕೋಣೆಯ ಗೋಡೆಯ ಮೇಲೆ ಸಿನಿಮಾ ನಟರ ಚಿತ್ರ ಅಂಟಿಸಬೇಕೆಂಬುದು ನನ್ನ ಆಸೆ. ಆದರೆ ಅಲ್ಲಿ ಆಗಲೇ ದೆಹಲಿಯ ನಕ್ಷೆಯೊಂದು ಜಾಗ ಹಿಡಿದು ಕೂತಿತ್ತು.

ಈ ದೆಹಲಿಯ ಹುಚ್ಚಿಗೆ ಒಂದು ಹಿನ್ನೆಲೆಯಿತ್ತು. ದೆಹಲಿ ಯಮುನಾ ನದಿಯ ದಂಡೆಯ ಮೇಲಿದೆ ಎಂದು ವರ್ಷವರ್ಷವೂ ಪಾಠ ಮಾಡಿದ ದೊಡ್ಡಪ್ಪನನ್ನು ಒಮ್ಮೆ ತರಗತಿಯಲ್ಲಿ ಯಾರೋ, ಸಾರ್, ನೀವು ನೋಡಿದೀರಾ ಎಂದು ಕೇಳಿದರಂತೆ. ಇವರು ಬಾಯಿತಪ್ಪಿ ಹ್ಞೂಂ ಎಂದುಬಿಟ್ಟರಂತೆ. ಅಂದಿನಿಂದ ಆ ಹ್ಞೂಂಕಾರವನ್ನು ನಿಜ ಮಾಡುವುದೇ ಅವರ ಬಾಳಿನ ಗುರಿಯಾಯಿತು. ಕೆಲಸದಲ್ಲಿದ್ದಾಗ ರಜೆ ಕೂಡಿಬರಲಿಲ್ಲ. ನಿವೃತ್ತಿಯಾದ ಮೇಲೆ ಬೇರೇನೂ ಕೆಲಸವಿಲ್ಲದ್ದರಿಂದ ದೆಹಲಿ ಯಾತ್ರೆಯ ಸಿದ್ಧತೆಯೇ ಕೆಲಸವಾಯಿತು.

ಪ್ರತಿ ಸಂಜೆ ಕಾಫಿಯಾದ ಮೇಲೆ ಜಗಲಿಯಲ್ಲಿ ಸಭೆ ಸೇರುತ್ತಿತ್ತು. ದೊಡ್ಡಪ್ಪ ಅಧ್ಯಕ್ಷರು. ಪಕ್ಕದ ಮನೆಯ ಮಲ್ಲಪ್ಪನವರು ವಿರೋಧ ಪಕ್ಷ. ದೇವರಾಜ ಮೊಹಲ್ಲಾದ ತಮ್ಮ ಬಟ್ಟೆ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ನೆಮ್ಮದಿಯಾಗಿದ್ದ ಅವರು ಜೊತೆಗೆ ಬರಲು ಒಪ್ಪಿದ್ದರು, ಆದರೆ ಹೋಗುವುದನ್ನು ಒಪ್ಪಿರಲಿಲ್ಲ. ಯೋಗ ಕಲಿಯೋಕೆ ಅಂತ ಪ್ರಪಂಚದವರೆಲ್ಲ ನಮ್ಮೂರ ಗೋಕುಲಂ ಬಡಾವಣೆಗೇ ಬಂದು ಬೀಳ್ತಾವ್ರೆ, ನಾವ್ಯಾಕೆ ಇನ್ನೆಲ್ಲಿಗೋ ಹೋಗ್ಬೇಕು ಎಂಬುದು ಅವರ ವಾದ. ಮೈಸೂರಿನವರಿಗೆ ಇನ್ನೊಂದು ಊರಿನ ಅರಮನೆಯನ್ನು ಹೊಗಳುವುದೆಂದರೆ ನೆರೆಮನೆಯ ಸಾರನ್ನು ಹೆಂಡತಿಯ ಮುಂದೆ ಹೊಗಳಿದಷ್ಟೇ ಕಷ್ಟ ನೋಡಿ.

ನನ್ನನ್ನು ದುಭಾಷಿಯಾಗಿ ನೇಮಿಸಿಕೊಂಡಿದ್ದರು. ಹಿಂದಿಯಲ್ಲಿ ಮೇಲಿಂದ ಮೇಲೆ ಪರೀಕ್ಷೆ ಪಾಸು ಮಾಡಿದ್ದೆನಲ್ಲ, ದೆಹಲಿಯವರೆಲ್ಲ ನನ್ನ ಪಠ್ಯಪುಸ್ತಕದ ಹಾಗೆಯೇ ಮಾತಾಡುತ್ತಾರೆ ಎಂಬ ನಂಬಿಕೆ ನನಗಿತ್ತು.

ದೊಡ್ಡಮ್ಮ ಆ ಸಭೆಯ ಸದಸ್ಯೆಯಾಗಿರಲಿಲ್ಲ. ಅವರದು ಆಹಾರ ಇಲಾಖೆ. ರೈಲಿಗೆ ಕೋಡುಬಳೆ ಎಷ್ಟು ಬೇಕು, ಚಟ್ನಿಪುಡಿಗೆ ಎಣ್ಣೆ ಕಲಸಿ ಕೊಡುವುದೋ ಬೇಡವೋ ಎಂಬ ಪ್ರಶ್ನೆ ಬಂದಾಗ ಮಾತ್ರ ಒಳಗಿನಿಂದ ಅವರ ದನಿ ಬರುತ್ತಿತ್ತು. ಹೋಗುವವರ ಲೆಕ್ಕದಲ್ಲಿ ಅವರು ಇರಲಿಲ್ಲ. ಯಾರೂ ಅವರನ್ನು ಬೇಡ ಅಂದಿರಲಿಲ್ಲ. ಬಾ ಅಂತಲೂ ಅಂದಿರಲಿಲ್ಲ.

ದಸರೆಯ ಆನೆಗಳಿಗೆ ತಾಲೀಮು ಕೊಡುತ್ತಾರಲ್ಲ, ಅದನ್ನು ರಸ್ತೆಯಲ್ಲಿ ಕಂಡು ಬಂದ ದಿನ ದೊಡ್ಡಪ್ಪನಿಗೆ ಹೊಳೆಯಿತು: ನಮಗೂ ಒಂದು ತಾಲೀಮು ಬೇಕು. ಕೆಂಪುಕೋಟೆಯಲ್ಲಿ ನಡೆಯುವುದು ಬಹಳವಿದೆ, ಅದಕ್ಕೆ ಮೊದಲು ನಮ್ಮ ಅರಮನೆಯಲ್ಲಿ ನಡೆದು ನೋಡೋಣ, ಅಲ್ಲೇ ಸುಸ್ತಾದರೆ ದೆಹಲಿಯ ಮಾತೇ ಬೇಡ ಎಂದರು. ಹಬ್ಬದ ಜನಸಂದಣಿ ಕರಗಿದ ಮೇಲೆ ಒಂದು ಭಾನುವಾರ ಗೊತ್ತಾಯಿತು. ದೆಹಲಿಗೆ ಒಯ್ಯುವ ಚೀಲ, ದೆಹಲಿಗೆ ಹಾಕುವ ಬೂಟು, ದೆಹಲಿಗೆಂದು ಕೊಂಡ ಸ್ವೆಟರು, ಮಂಕಿ ಕ್ಯಾಪು. ಎಲ್ಲವೂ ಅಂದೇ ರೂಢಿಯಾಗಬೇಕು. ಊಟದ ಕ್ಯಾರಿಯರ್ ಸೋರುತ್ತದೋ ಇಲ್ಲವೋ ಪರೀಕ್ಷಿಸಲು ದೊಡ್ಡಮ್ಮನನ್ನೂ ಹೊರಡಿಸಿದರು.

ಆಟೋ ಇಳಿದಾಗ ದೊಡ್ಡಪ್ಪನ ಹಣೆಯಿಂದ ನೀರಿಳಿಯುತ್ತಿತ್ತು. ಪ್ರವಾಸಿಗರ ಗುಂಪೊಂದು ಅರಮನೆಗೆ ಬೆನ್ನು ಹಾಕಿ ಇವರನ್ನೇ ನೋಡುತ್ತಿತ್ತು. ಮಲ್ಲಪ್ಪನವರು ನಾಚಿಕೆಯಿಂದ ನಾಲ್ಕು ಮಾರು ದೂರ ನಿಂತು, ಬೇರೆ ಯಾವುದೋ ಸಂಸಾರದವರಂತೆ ಗೋಪುರ ನೋಡತೊಡಗಿದರು. ದೊಡ್ಡಪ್ಪ ಅದ್ಯಾವುದಕ್ಕೂ ಜಗ್ಗದೆ ಟಿಕೆಟು ತಂದು, ಮುಂದೆ ಮುಂದೆ ನಡೆದರು. ಊರಿಗೆ ಬಂದ ನೆಂಟರಿಗೆಲ್ಲ ಅರಮನೆ ತೋರಿಸಿದವರು ಅವರೇ. ಯಾವ ಕಂಬದ ಬಳಿ ಯಾವ ಮಾತು ಎನ್ನುವುದು ಅವರಿಗೆ ಬಾಯಿಪಾಠ.

ದೊಡ್ಡಮ್ಮ ಒಂದು ಕಡೆ ನಿಂತು ಚಪ್ಪಲಿ ಎಲ್ಲಿ ಬಿಡಬೇಕೆಂದು ಕೇಳಿದರು.

"ನಿಂಗೆ ಗೊತ್ತಿಲ್ವಾ?" ಎಂದರು ದೊಡ್ಡಪ್ಪ.

"ನಾನ್ಯಾವಾಗ್ ಬಂದಿದ್ದೆ?"

ದೊಡ್ಡಪ್ಪ ನಕ್ಕರು. ಮದುವೆಯಾದ ಹೊಸತರಲ್ಲಿ ಬಂದಿದ್ದೆವಲ್ಲ, ನಮ್ಮಕ್ಕನೂ ಜೊತೆಗಿದ್ದಳು ಎಂದು ನೆನಪಿಸಿದರು.

"ನಿಮ್ಮಕ್ಕನ್ನ ಕರ್ಕೊಂಡ್ ಬಂದ್ರಿ. ನಾನು ಮನೇಲಿ ಒಬ್ಬಟ್ಟು ತಟ್ತಾ ಇದ್ದೆ."

ಸರಿ, ಆಮೇಲೆ ದಸರೆಗೆ ಚನ್ನಪಟ್ಟಣದ ನೆಂಟರು ಬಂದಾಗ? ಬಿಸಿಬೇಳೆಬಾತು, ಎಂದರು ದೊಡ್ಡಮ್ಮ. ಮಗಳ ನಿಶ್ಚಿತಾರ್ಥಕ್ಕೆ ಬೀಗರು ಬಂದಾಗ? ಶಾವಿಗೆ ಪಾಯಸ, ಆಂಬೊಡೆ. ಸ್ಕೂಲಿನ ಇನ್ಸ್‌ಪೆಕ್ಟರ ಮನೆಯವರು ಬಂದಿದ್ದಾಗ? ಅವತ್ತು ಅವರೆಕಾಳಿನ ಹುಳಿ, ಅವರ ಹೆಂಡತಿಗೆ ಬೆಳ್ಳುಳ್ಳಿ ಆಗುತ್ತಿರಲಿಲ್ಲ. ದೊಡ್ಡಪ್ಪ ಒಂದೊಂದೇ ಭೇಟಿಯನ್ನು ನೆನೆಸಿಕೊಂಡು ಹೇಳಿದಂತೆ ದೊಡ್ಡಮ್ಮ ಒಂದೊಂದು ಅಡುಗೆಯ ಹೆಸರು ಹೇಳುತ್ತಾ ಹೋದರು. ದನಿಯಲ್ಲಿ ಕೋಪವಿರಲಿಲ್ಲ. ಅರಮನೆಯೆಂದರೆ ಅವರ ನೆನಪಿನಲ್ಲಿದ್ದದ್ದು ಅದೊಂದೇ. ನನಗೆ ನಗು ಉಕ್ಕಿ ಬಂತು. ದೊಡ್ಡಪ್ಪನ ಮುಖ ನೋಡಿದೆ, ನಗು ಅಲ್ಲೇ ನಿಂತಿತು. ಅವರು ಮಂಕಿ ಕ್ಯಾಪನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು, ದೊಡ್ಡಮ್ಮನ ಚಪ್ಪಲಿಯನ್ನು ತಾವೇ ಎತ್ತಿಕೊಂಡು ಹೋಗಿ ಬಿಟ್ಟು ಬಂದರು.

ಒಳಗೆ ಅವರು ಒಂದು ಕಂಬದ ಬಳಿಯೂ ಬಾಯಿ ಬಿಡಲಿಲ್ಲ. ಮಲ್ಲಪ್ಪನವರೇ ಕಸಿವಿಸಿಗೊಂಡು, ಯಾಕ್ ಮೇಷ್ಟ್ರೇ ಮೈಗೆ ಹುಷಾರಿಲ್ವಾ ಎಂದು ವಿಚಾರಿಸಿದರು. ಈ ಮೌನದ ಗಡಿಬಿಡಿಯಲ್ಲಿ ದೊಡ್ಡಮ್ಮ ಕಾಣೆಯಾದದ್ದು ನಮಗೆ ತಿಳಿದದ್ದು ಮೆಟ್ಟಿಲು ಹತ್ತಿ ದರ್ಬಾರ್ ಹಾಲಿಗೆ ಬಂದ ಮೇಲೆ.

ಹುಡುಕಿಕೊಂಡು ಕೆಳಗೆ ಓಡಿದೆವು. ಕಲ್ಯಾಣ ಮಂಟಪದ ಬಣ್ಣದ ಗಾಜಿನ ಚಾವಣಿಯ ಕೆಳಗೆ, ಗೋಡೆಗೆ ಒರಗಿ, ಕ್ಯಾರಿಯರನ್ನು ತೊಡೆಯ ಮೇಲಿಟ್ಟುಕೊಂಡು ದೊಡ್ಡಮ್ಮ ನೆಲದ ಮೇಲೆ ಕೂತಿದ್ದರು. ಪಕ್ಕದಲ್ಲಿ ಸಲ್ವಾರ್ ಹಾಕಿದ, ಅವರದೇ ವಯಸ್ಸಿನ ಒಬ್ಬ ಹೆಂಗಸು. ಇಬ್ಬರೂ ತಲೆಯೆತ್ತಿ ಮೇಲಿನ ನವಿಲುಗಳನ್ನು ನೋಡುತ್ತಿದ್ದರು. ಆಕೆಯ ಮಂಡಿ ನೋಯುತ್ತಿತ್ತು, ಇವರ ಮಂಡಿಯೂ ನೋಯುತ್ತಿತ್ತು, ಪರಿಚಯಕ್ಕೆ ಅಷ್ಟು ಸಾಕಾಗಿತ್ತು. ಆಕೆ ವಿಮಲಾ, ದೆಹಲಿಯವರು. ಗಂಡ ಯಾವುದೋ ಚಿತ್ರದ ಮುಂದೆ ನಿಂತು ನೆಂಟರಿಗೆ ವಿವರಿಸುತ್ತಿದ್ದರು.

ದೆಹಲಿಯವರು ಸಿಕ್ಕರಲ್ಲ ಎಂದು ನನ್ನ ಮೈ ಪುಳಕಗೊಂಡಿತು. ಮುಂದೆ ಹೋಗಿ, ಆಗಲೇ ಕೂತಿದ್ದ ಆಕೆಗೆ, ಕೃಪಯಾ ಆಸನ್ ಗ್ರಹಣ್ ಕೀಜಿಯೇ ಎಂದೆ. ಆಕೆ ಗಾಬರಿಯಿಂದ ನನ್ನನ್ನೂ ನೆಲವನ್ನೂ ನೋಡಿದರು. ದೊಡ್ಡಮ್ಮನಾದರೋ ದೇವರಾಜ ಮಾರ್ಕೆಟ್ಟಿನ ವ್ಯಾಪಾರಿಗಳಿಂದ ಕಲಿತ ಉರ್ದುವಿಗೆ ಕನ್ನಡ ಬೆರೆಸಿಕೊಂಡು ಸಲೀಸಾಗಿ ಹರಟುತ್ತಿದ್ದರು. ಆ ಭಾಷೆಯಲ್ಲೇ ಅವರು ಕೆಂಪುಕೋಟೆ ಹೇಗಿದೆ ಎಂದು ಕೇಳಿದ್ದರಂತೆ. ವಿಮಲಾ ಕೈಯಾಡಿಸಿ, ಯಾರಿಗೆ ಗೊತ್ತು, ನಾನು ಒಳಗೆ ಹೋಗಿಲ್ಲ ಎಂದರಂತೆ. ಹುಟ್ಟಿದ್ದು ದೆಹಲಿ, ಮದುವೆಯಾದದ್ದು ದೆಹಲಿ, ಆದರೆ ಕೋಟೆ ನೋಡಲು ಬಂದ ನೆಂಟರಿಗೆಲ್ಲ ಪರೋಟ ಕಟ್ಟಿಕೊಟ್ಟು ಕಳಿಸುವುದೇ ಆಗಿತ್ತಂತೆ. ಅದನ್ನು ನಮಗೆ ಹೇಳುವಾಗ ದೊಡ್ಡಮ್ಮನಿಗೆ ನಗು ತಡೆಯಲಾಗಲಿಲ್ಲ. ಆ ನಗು ಕಂಡು ವಿಮಲಾ ಕೂಡ ನಗತೊಡಗಿದರು. ಕಾವಲಿನವನು ಬಂದು, ಅಮ್ಮಾ ದಾರೀಲಿ ಕೂತ್ಕೋಬೇಡಿ ಎಂದು ಎಬ್ಬಿಸುವವರೆಗೂ ಇಬ್ಬರೂ ನಕ್ಕರು. ಏಳುವಾಗ ಒಬ್ಬರಿಗೊಬ್ಬರು ಕೈಕೊಟ್ಟುಕೊಂಡರು, ಫೋನ್ ನಂಬರನ್ನೂ ಕೊಟ್ಟುಕೊಂಡರು.

ವಾಪಸು ಬರುವಾಗ ಆಟೋದಲ್ಲಿ ದೊಡ್ಡಪ್ಪ ದೊಡ್ಡಮ್ಮನ ಕಡೆ ನೋಡದೆ, ಆಟೋದವನಿಗೆ ದಾರಿ ಹೇಳುವ ದನಿಯಲ್ಲಿ ಅಂದರು:

"ದೆಹಲಿಗೆ ನೀನೂ ಬಾ."

"ತಿಂಡಿ ಮಾಡೋರ್ಯಾರು?"

"ಅಂಗ್ಡೀಲಿ ತಗೊಂಡ್ರಾಯ್ತು ಬುಡು."

ದೊಡ್ಡಮ್ಮ ಕ್ಯಾರಿಯರನ್ನು ನನ್ನ ತೊಡೆಯ ಮೇಲಿಟ್ಟು, ಜಾರಿದ ಸೆರಗನ್ನು ಸರಿಮಾಡಿಕೊಂಡರು. ಮಲ್ಲಪ್ಪನವರು ಮಾರನೆಯ ಸಂಜೆ ತಾವಾಗಿಯೇ ಜಾಗ ಬಿಟ್ಟುಕೊಟ್ಟರು. ನಮ್ಮರಮನೆ ನೋಡಿದ್ ಕಣ್ಣಿಗೆ ಬೇರೆದು ಹಿಡಿಸಲ್ಲ, ನಂಗ್ಯಾಕೆ ಬುಡಿ ಎಂದರು.

ದೆಹಲಿಯಲ್ಲಿ ಏನಾಯಿತು ಎಂದು ನೀವು ಕೇಳಬೇಕು. ಹೊರಗಿನದೇನನ್ನೂ ಮುಟ್ಟಕೂಡದೆಂದು ರೈಲಿನುದ್ದಕ್ಕೂ ನಮಗೆ ಉಪದೇಶ ಮಾಡಿದ ದೊಡ್ಡಪ್ಪ, ಇಳಿದ ಬೆಳಿಗ್ಗೆಯೇ ಲಾಡ್ಜಿನ ಎದುರಿನ ಅಂಗಡಿಯಲ್ಲಿ ಛೋಲೆ ಭಟೂರೆ ಉಬ್ಬಿ ಬರುವುದನ್ನು ಕಂಡು ಮನಸೋತರು. ರುಚಿಯಾಗಿದೆ ಎಂದು ಮತ್ತೊಂದು ಪ್ಲೇಟು ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಹಾಸಿಗೆ ಹಿಡಿದರು. ನಾವು ಅಲ್ಲಿದ್ದಷ್ಟೂ ದಿನ ಅವರಿಗೂ ಆ ಕೋಣೆಯ ಬಚ್ಚಲಿಗೂ ಇದ್ದ ದೂರವೇ ಅವರು ಕಂಡ ದೆಹಲಿ. ದೊಡ್ಡಮ್ಮ ಅವರನ್ನು ಬಿಟ್ಟು ಕದಲುವುದಿಲ್ಲವೆಂದು ಕೂತರು. ದೊಡ್ಡಪ್ಪ ಗಂಜಿ ಕುಡಿದು ಗೋಡೆಯ ಕಡೆ ತಿರುಗಿ ಮಲಗಿ, ನೀನು ಇಲ್ಲಿದ್ರೆ ನಂಗೆ ನಿದ್ದೆ ಬರಲ್ಲ, ಹೋಗು ಎಂದು ಗದರಿದರು. ವಿಮಲಾ ಬಂದು ನಮ್ಮನ್ನು ಕರೆದುಕೊಂಡು ಹೋದರು.

ಇಬ್ಬರು ಹೆಂಗಸರೂ ಕೆಂಪುಕೋಟೆಗೆ ಮೊದಲ ಸಲ ಕಾಲಿಟ್ಟದ್ದು ಹಾಗೆ. ನನ್ನ ದುಭಾಷಿತನವನ್ನು ಅಲ್ಲಿ ಯಾರೂ ಬಯಸಲಿಲ್ಲ. ಮೇಲೆ ಬೀಳುತ್ತಿದ್ದ ಸರದ ವ್ಯಾಪಾರಿಗಳಿಗೆ ದೊಡ್ಡಮ್ಮ ಮೈಸೂರು ಮಾರ್ಕೆಟ್ಟಿನ ಗತ್ತಿನಲ್ಲೇ, ಬೇಡ ಎನ್ನಲು ಅಲ್ಲಿ ಕಲಿತ ನಕ್ಕೋ ನಕ್ಕೋ ಎನ್ನುತ್ತಾ ನಡೆದರು. ವಿಮಲಾಗೆ ಆ ಮಾತು ಬಹಳ ಹಿಡಿಸಿತು. ಸ್ವಲ್ಪ ಹೊತ್ತಿನಲ್ಲಿ ಅವರೂ ನಕ್ಕೋ ಎನ್ನತೊಡಗಿದರು. ಅಮೃತಶಿಲೆಯ ಮಂಟಪದಲ್ಲಿ ಹಿಂದೆ ನೀರು ಹರಿಯುತ್ತಿದ್ದ ಕಾಲುವೆಯ ಅಂಚಿಗೆ ಕೂತು ದೊಡ್ಡಮ್ಮ ಸುತ್ತಲೂ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಇಷ್ಟ್ ದೊಡ್ಡದ್ರಲ್ಲಿ ಅಡಿಗೆಮನೆ ಎಲ್ಲಿತ್ತೋ ಕಾಣೆ ಕಣಮ್ಮ. ಯಾರೂ ತೋರಿಸ್ನಿಲ್ಲ."

ಸಂಜೆ ಲಾಡ್ಜಿನಲ್ಲಿ ವರದಿ ಒಪ್ಪಿಸಬೇಕಿತ್ತು. ದೊಡ್ಡಪ್ಪ ನಕ್ಷೆಯನ್ನು ಹೊಟ್ಟೆಯ ಮೇಲೆ ಹರಡಿಕೊಂಡು, ಬಾಗಿಲು ಯಾವ ದಿಕ್ಕಿಗಿತ್ತು ಎಂದು ಕೇಳುವರು. ನಾವು ಹೋದ ದಿಕ್ಕಿಗಿತ್ತು, ಎನ್ನುವರು ದೊಡ್ಡಮ್ಮ. ಆದರೂ ಕಲ್ಲಿನ ಬಣ್ಣ, ಗಾಳಿ, ಮರದಲ್ಲಿ ಓಡಾಡುತ್ತಿದ್ದ ಅಳಿಲು, ಹೊಸ ಮದುವಣಗಿತ್ತಿಯ ಬಳೆ, ಯಾವುದನ್ನೂ ಬಿಡದೆ ಹೇಳಿದರು. ದೊಡ್ಡಪ್ಪ ಕಣ್ಣುಮುಚ್ಚಿ ಕೇಳಿಸಿಕೊಂಡರು. ಅಷ್ಟು ವರ್ಷ ಪಾಠ ಹೇಳಿದವರು ಹೀಗೆ ಪಾಠ ಕೇಳಿದ್ದನ್ನು ನಾನು ಅದೇ ಮೊದಲು ಕಂಡದ್ದು.

ಊರಿಗೆ ಬಂದ ಮೇಲೆ ಜಗಲಿಯಲ್ಲಿ ಮಲ್ಲಪ್ಪನವರ ಮುಂದೆ ದೊಡ್ಡಪ್ಪ ಕೆಂಪುಕೋಟೆಯನ್ನು ಬಣ್ಣಿಸಿದ್ದೇ ಬಣ್ಣಿಸಿದ್ದು. ಅಳಿಲೂ ಬಂತು, ಬಳೆಯೂ ಬಂತು. ದೊಡ್ಡಮ್ಮ ಅವರ ಗುಟ್ಟು ಒಡೆಯಲಿಲ್ಲ. ಒಳಗೆ ಸೊಪ್ಪು ಬಿಡಿಸುತ್ತಾ, ಎಡಕ್ಕಲ್ಲ ಬಲಕ್ಕೆ, ಎಂದು ಒಮ್ಮೊಮ್ಮೆ ತಿದ್ದುತ್ತಿದ್ದರು, ಅಷ್ಟೇ.

ಆಮೇಲೆ ಆ ಮನೆಗೆ ನೆಂಟರು ಬಂದರೆ ಅರಮನೆಗೆ ಕರೆದೊಯ್ಯುತ್ತಿದ್ದವರು ದೊಡ್ಡಮ್ಮ. ಯಾವ ಕಿಟಕಿಯ ಬಳಿ ಗಾಳಿ ಚೆನ್ನಾಗಿ ಬೀಸುತ್ತದೆ, ಮಂಡಿನೋವಿನವರು ಎಲ್ಲಿ ನಿಂತು ಸುಧಾರಿಸಿಕೊಳ್ಳಬಹುದು ಎಂಬುದನ್ನೆಲ್ಲ ಹೇಳುವ ಗೈಡು ಅವರು. ದೊಡ್ಡಪ್ಪ ಮನೆಯಲ್ಲಿದ್ದು ಉಪ್ಪಿಟ್ಟು ಮಾಡುತ್ತಿದ್ದರು. ಬಂದವರೆಲ್ಲ ಅದನ್ನು ಮರ್ಯಾದೆಗೆ ತಿಂದರು. ಈಗ ದೊಡ್ಡಪ್ಪ ಇಲ್ಲ. ದೊಡ್ಡಮ್ಮ ಹಾಸನದಲ್ಲಿ ಮಗಳ ಜೊತೆಗಿದ್ದಾರೆ. ಹೋಗುವಾಗ ಟ್ರಂಕನ್ನು ನನ್ನ ಮನೆಗೆ ಕಳಿಸಿದ್ದರು.

ಈ ಕತೆಯನ್ನು ನಾನು ಎಷ್ಟೋ ಜನಕ್ಕೆ ಹೇಳಿ ನಗಿಸಿದ್ದೇನೆ. ನಿನ್ನೆ ಶಿವಮೊಗ್ಗದಿಂದ ನಮ್ಮೆಜಮಾನರ ಸೋದರಮಾವನ ಮನೆಯವರು ಬಂದಿದ್ದರು. ಊಟದ ಹೊತ್ತಿಗೆ ಅವರಿಗೂ ಹೇಳಿದೆ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಇವತ್ತು ಬೆಳಿಗ್ಗೆ ಅವರೆಲ್ಲ ಊರು ನೋಡಲು ಹೊರಟರು. ಎಜಮಾನರು ಕಾರಿನ ಬಾಗಿಲು ತೆಗೆದು, ಮಾವ ಮುಂದೆ, ಅತ್ತೆಯೂ ಮಕ್ಕಳೂ ಹಿಂದೆ ಎಂದು ಕೂರಿಸುತ್ತಿದ್ದರು. ಕಾರು ಭರ್ತಿಯಾಯಿತು. ನಾನು ಗೇಟಿನ ಬಳಿ, ಎಷ್ಟು ಹೊತ್ತಿಗೆ ವಾಪಸು ಬರ್ತೀರಿ, ಹುಳಿಗೆ ಒಗ್ಗರಣೆ ಹಾಕಬೇಕು ಎಂದು ಕೇಳುತ್ತಾ ನಿಂತಿದ್ದೆ. ಹಾಗೆ ಕೇಳುತ್ತಿರುವುದು ನಾನೋ ದೊಡ್ಡಮ್ಮನೋ ಎಂದು ನನಗೇ ಥಟ್ಟನೆ ಅನುಮಾನ ಬಂತು.

ಒಳಗೆ ಹೋಗಿ ಗ್ಯಾಸ್ ಆರಿಸಿದೆ. ಬಾಗಿಲಿಗೆ ಬೀಗ ಹಾಕಿ ಬಂದು, ಮಾವ, ನೀವು ಸ್ವಲ್ಪ ಹಿಂದೆ ಕೂತ್ಕೋತೀರಾ ಎಂದೆ. ಮಾವ ದಪ್ಪನೆಯ ಆಳು. ಅವರು ಹಿಂದಿನ ಸೀಟಿಗೆ ಸೇರುವಷ್ಟರಲ್ಲಿ ಒಳಗಿದ್ದವರೆಲ್ಲ ಒಬ್ಬರ ಮೇಲೊಬ್ಬರು ಕೂರಬೇಕಾಯಿತು. ಎಜಮಾನರು ನನ್ನನ್ನೂ ಮನೆಯ ಬೀಗವನ್ನೂ ನೋಡಿ, ಅಡುಗೆ ಎಂದು ಶುರು ಮಾಡಿದರು.

"ಹೋಟ್ಲಲ್ಲಿ ತಿನ್ನೋಣ ಕಣ್ರೀ, ಹೊರಡಿ," ಎಂದು ಸೀಟ್ ಬೆಲ್ಟ್ ಎಳೆದುಕೊಂಡೆ.