ಹೊರಗಿನ ಚಿಲಕ

ಚಿಕ್ಕಮಾರಮ್ಮ ತುಮಕೂರಿನಲ್ಲಿ ಇದುವರೆಗೆ ಐದು ಬಾಡಿಗೆ ಮನೆಗಳಲ್ಲಿ ವಾಸ ಮಾಡಿದ್ದಾರೆ. ಐದರಲ್ಲೂ ಅವರು ಮೊದಲು ಮಾಡಿದ್ದು ಒಂದೇ ಕೆಲಸ: ಮುಂಬಾಗಿಲಿನ ಹೊರಗಿನ ಚಿಲಕವನ್ನು ಬಿಚ್ಚುವುದು. ನಾಲ್ಕು ಸ್ಕ್ರೂ, ಹೆಚ್ಚೆಂದರೆ ಹತ್ತು ನಿಮಿಷ. ಬಿಚ್ಚಿದ್ದನ್ನು ಕವರಿನಲ್ಲಿ ಕಟ್ಟಿಡುತ್ತಾರೆ. ಮನೆ ಬಿಡುವ ದಿನ ಮತ್ತೆ ಕೂರಿಸಿಕೊಡುತ್ತಾರೆ. ಮನೆ ಮಾಲೀಕರು ಬೈದರೆ ನಗುತ್ತಾರೆ, ಕಾರಣ ಹೇಳುವುದಿಲ್ಲ. ಸ್ಕ್ರೂಡ್ರೈವರ್ ಯಾವಾಗಲೂ ಅವರ ಕೈಚೀಲದಲ್ಲೇ ಇರುತ್ತದೆ.

ಈಗ ಅವರಿಗೆ ಐವತ್ತೇಳು. ವಾಸ ಶಿರಾ ಗೇಟ್ ಹತ್ತಿರದ ಒಂದು ಕೋಣೆಯಲ್ಲಿ. ಕೆಲಸ ಹಿರೇಹಳ್ಳಿಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ.

ಹುಟ್ಟಿದ್ದು, ಮದುವೆಯಾಗಿದ್ದು ಎರಡೂ ಮಾರ್ಕೋನಹಳ್ಳಿ ಹಿನ್ನೀರಿನ ಆಚೆಯ ಒಂದು ಸಣ್ಣ ಊರಿನಲ್ಲಿ. ಇಪ್ಪತ್ತೆಂಟು ವರ್ಷಗಳ ಹಿಂದೆ ಅಲ್ಲಿ ಪಂಚಾಯಿತಿ ಚುನಾವಣೆಗೆ ಕೇರಿಯವರೊಬ್ಬರು ನಿಂತು ಹನ್ನೊಂದು ಮತಗಳಿಂದ ಗೆದ್ದರು. ಮೂರನೆಯ ದಿನ ಮಧ್ಯಾಹ್ನ ಮೇಲಿನ ಬೀದಿಯವರು ಕೇರಿಗೆ ನುಗ್ಗಿದರು. ನಾಲ್ಕು ಗುಡಿಸಲುಗಳಿಗೆ ಹೊರಗಿನಿಂದ ಚಿಲಕ ಹಾಕಿ ಬೆಂಕಿ ಇಟ್ಟರು. ಒಂಬತ್ತು ಜನ ಸತ್ತರು. ಚಿಕ್ಕಮಾರಮ್ಮನ ಗಂಡ ಮತ್ತು ಅತ್ತೆ ಆ ಒಂಬತ್ತರಲ್ಲಿದ್ದರು. ಹುಲ್ಲಿಗೆ ಹೋಗಿದ್ದ ಇವರು ರಾಗಿ ಮೆದೆಯ ಹಿಂದೆ ಅವಿತು ಆರು ಜನರ ಮುಖ ನೋಡಿದರು. ಚಿಲಕ ಹಾಕುತ್ತಿದ್ದವನು ಮಾತ್ರ ಮೆದೆ ಅಡ್ಡವಾಗಿ ಕಾಣಲಿಲ್ಲ. ಕೇಳಿಸಿದ್ದು ಚಿಲಕದ ಸದ್ದು, ನಾಲ್ಕು ಸಲ.

ಗುಬ್ಬಿಯ ನೆಂಟರ ಮನೆಯಲ್ಲಿ ಎರಡು ವರ್ಷ ಇದ್ದು ಆಮೇಲೆ ತುಮಕೂರಿಗೆ ಬಂದರು. ಮೊಕದ್ದಮೆಯಲ್ಲಿ ಆರೂ ಜನ ಬಿಡುಗಡೆಯಾದರು. ಈಗ ಹೈಕೋರ್ಟು ಮರುವಿಚಾರಣೆ ನಡೆಸಲು ಹೇಳಿದೆ. ಕಣ್ಣಾರೆ ಕಂಡವರಲ್ಲಿ ಉಳಿದಿರುವುದು ಚಿಕ್ಕಮಾರಮ್ಮ ಒಬ್ಬರೇ.

ಆಗ ಊರಿನಿಂದ ತಮ್ಮ ಮೂಡ್ಲಯ್ಯನ ಫೋನು ಬಂತು.

"ಅಕ್ಕಾ, ಭಾನುವಾರ ಸಮುದಾಯ ಭವನದಲ್ಲಿ ಶಾಂತಿ ಊಟ ಇಟ್ಟವ್ರೆ. ಎರಡೂ ಬೀದಿಯೋರು ಒಂದೇ ಪಂಕ್ತಿ. ನೀನ್ ಬಂದು ಒಂದ್ ಸೈನ್ ಹಾಕ್‌ಬುಡು. ನಾನೇನೂ ನೋಡ್ಲಿಲ್ಲ ಅಂತ ಅಷ್ಟೇಯ."

"ಅಷ್ಟೇನಾ?"

"ನಿಂಗೇನಕ್ಕ, ಟೌನಲ್ಲಿ ಆರಾಮಾಗಿದೀಯ. ನಾವಿಲ್ಲೇ ಬಾಳ್ಬೇಕು."

"ಆರಾಮಾ? ಬಾ, ಒಂದಿನ ನನ್ ಜೊತೆ ನಾನೂರು ತಟ್ಟೆ ತೊಳಿ, ಗೊತ್ತಾಯ್ತದೆ."

ಫೋನಿಟ್ಟ ಮೇಲೆ ಲೆಕ್ಕ ಹಾಕಿದರು. ಸಹಿ ಹಾಕಿದರೆ ಸತ್ತ ಒಂಬತ್ತು ಜನಕ್ಕೆ ಸಾಕ್ಷಿಯೇ ಇಲ್ಲ. ಹಾಕದಿದ್ದರೆ ತಮ್ಮನ ಮನೆ ಅದೇ ಕೇರಿಯಲ್ಲಿದೆ.

ಭಾನುವಾರ ಹೋದರು. ಊಟ ಏರ್ಪಡಿಸಿದ್ದು ಮೇಲಿನ ಬೀದಿಯ ಹಿರಿಯ ಲಕ್ಷ್ಮೀನರಸಿಂಹಯ್ಯ. ಅವರ ಹೆಸರು ಯಾವ ದೂರಿನಲ್ಲೂ ಇರಲಿಲ್ಲ. ಆ ದಿನ ಅವರು ಕುಣಿಗಲ್ ಸಂತೆಗೆ ಹೋಗಿದ್ದರೆಂದು ಎರಡೂ ಬೀದಿಗಳು ನಂಬಿದ್ದವು. ಅದಕ್ಕೇ ರಾಜಿಗೆ ಅವರೇ ಮುಂದಾಳು. ಚಿಕ್ಕಮಾರಮ್ಮನನ್ನು ಕರೆದು ತಮ್ಮ ಎದುರಿನ ಎಲೆಗೇ ಕೂರಿಸಿದರು. ಎಲೆಯ ಪಕ್ಕದಲ್ಲಿ ಟೈಪು ಮಾಡಿದ ಕಾಗದ, ಅದರ ಮೇಲೊಂದು ಪೆನ್ನು.

"ಉಣ್ಣವ್ವಾ ಮೊದ್ಲು. ಆಮೇಲ್ ಸೈನು. ನಮ್ ಕಾಲ ಮುಗೀತು, ಮಕ್ಳಾದ್ರೂ ಚೆನ್ನಾಗಿರ್ಲಿ."

ಮುದ್ದೆ ಬಂತು, ಸಾರು ಬಂತು. ಎದುರಿಗಿದ್ದ ಎಲೆಗಳ ಹಿಂದೆ ತಾವು ಅಂದು ಕಂಡ ಆರು ಮುಖಗಳಲ್ಲಿ ನಾಲ್ಕು ಕೂತಿದ್ದವು, ಮುದಿಯಾಗಿ. ಚಿಕ್ಕಮಾರಮ್ಮ ತಲೆ ತಗ್ಗಿಸಿ ಮುದ್ದೆ ಮುರಿದರು.

ಆ ಭಾಗದಲ್ಲಿ ಯಾವ ಊಟವಾದರೂ ಒಂದು ಪದ್ಧತಿ ಇದೆ. ಮೊದಲ ಪಂಕ್ತಿ ಏಳುವ ತನಕ ಎರಡನೆಯವರು ನುಗ್ಗದಿರಲೆಂದು ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕುತ್ತಾರೆ. ಇಪ್ಪತ್ತೆಂಟು ವರ್ಷ ಪಂಕ್ತಿ ಊಟಕ್ಕೆ ಹೋಗದ ಚಿಕ್ಕಮಾರಮ್ಮನಿಗೆ ಅದು ಮರೆತುಹೋಗಿತ್ತು.

ಬಾಗಿಲು ಮುಚ್ಚಿತು. ಹೊರಗೆ ಕಬ್ಬಿಣ ಕಬ್ಬಿಣಕ್ಕೆ ಉಜ್ಜಿ, ಟಕ್ ಎಂದು ಕೂತಿತು.

ಚಿಕ್ಕಮಾರಮ್ಮನ ಎಡಗೈ ಚೀಲದೊಳಗಿನ ಸ್ಕ್ರೂಡ್ರೈವರ್ ಹಿಡಿಯಿತು. ಕೂಗಲೆಂದು ಬಾಯಿ ತೆರೆದರು. ಅಷ್ಟರಲ್ಲಿ ಬೇರೆ ಯಾರೋ ಕಿರುಚಿದರು.

"ತೆಗೀರೋ! ಚಿಲಕ ತೆಗೀರೋ! ಒಳ್ಗಡೆ ಜನ ಅವ್ರೆ!"

ಕೂಗಿದ್ದು ಲಕ್ಷ್ಮೀನರಸಿಂಹಯ್ಯ. ಎದುರಿನ ಎಲೆಯ ಚಿಕ್ಕಮಾರಮ್ಮನನ್ನೇ ನೋಡುತ್ತ ಎದ್ದು ನಿಂತಿದ್ದರು. ಕಾಲಿಗೆ ತಾಗಿ ಸಾರು ಚೆಲ್ಲಿ ಎಲೆಯಿಂದಾಚೆ ಹರಿಯುತ್ತಿತ್ತು.

ಬಾಗಿಲು ತೆರೆಯಿತು. ಹೊರಗೆ ನಿಂತಿದ್ದವನು ಅವರ ಮಗ ಗಂಗಾಧರ್. "ಏನಪ್ಪಾ? ಎಲ್ಲಾ ಊಟದಲ್ಲೂ ಹಾಕ್ತೀವಲ್ಲ?"

"ಸೆಕೆ ಕಣೋ. ಗಾಳಿ ಬರ್ಲಿ ಅಂತ."

ಅವರ ತಲೆಯ ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು. ಅವರ ಕಣ್ಣೂ ಚಿಕ್ಕಮಾರಮ್ಮನ ಕಣ್ಣೂ ಕೂಡಿದವು. ಮೊದಲು ತಗ್ಗಿದ್ದು ಮುದುಕರ ಕಣ್ಣು. ಅಂದು ಮೆದೆಯ ಆಚೆ ಚಿಲಕ ಹಾಕಿದವರು ಯಾರೆಂದು ಚಿಕ್ಕಮಾರಮ್ಮನಿಗೆ ತಿಳಿಯಿತು. ತಿಳಿಯಿತೆಂಬುದು ಮುದುಕರಿಗೂ ತಿಳಿಯಿತು. ಚಿಕ್ಕಮಾರಮ್ಮನ ಭಯ ಕಡಿಮೆಯಾಗಲಿಲ್ಲ, ಇನ್ನೂ ಹೆಚ್ಚಿತು.

ಅವರು ಕೈ ತೊಳೆದು, ಸಹಿಯಿಲ್ಲದ ಕಾಗದವನ್ನು ನಾಲ್ಕಾಗಿ ಮಡಿಸಿ ಚೀಲಕ್ಕೆ ಹಾಕಿಕೊಂಡರು.

"ಇದು ನನ್ ಹತ್ರಾನೇ ಇರ್ಲಿ, ಯಜಮಾನ್ರೆ. ಕೋರ್ಟಲ್ಲಿ ಜಡ್ಜ್‌ಗೆ ತೋರಿಸ್ತೀನಿ."

ಯಾರೂ ತಡೆಯಲಿಲ್ಲ. ಬಸ್ಸಿನ ರಸ್ತೆಗೆ ಒಂದೂವರೆ ಕಿಲೋಮೀಟರು. ಮೂಡ್ಲಯ್ಯ ದಾರಿಯುದ್ದಕ್ಕೂ ಗೊಣಗುತ್ತ ಜೊತೆಗೆ ಬಂದ. ನಿಲ್ದಾಣ ತಲುಪುವ ಹೊತ್ತಿಗೆ ಹಿಂದಿನಿಂದ ಬೈಕಿನ ಸದ್ದು ಕೇಳಿತು. ಅಕ್ಕ ತಮ್ಮ ಇಬ್ಬರೂ ಬೇಲಿಗೆ ಒತ್ತಿ ನಿಂತರು. ಬೈಕು ಪಕ್ಕದಲ್ಲೇ ನಿಂತಿತು. ಗಂಗಾಧರ್ ಇಳಿಯಲಿಲ್ಲ.

"ಅಮ್ಮಾ, ನಮ್ಮಪ್ಪ ಯಾಕೆ ಹಂಗ್ ಕೂಗಿದ್ದು?"

"ಮನೇಲೇ ಕೇಳಪ್ಪ. ಹೇಳಿದ್ರೆ, ಕೋರ್ಟಿಗೆ ಅವ್ರನ್ನೂ ಕರ್ಕಂಬಾ. ಆವತ್ ಒಂದೇ ಪಂಕ್ತೀಲಿ ಕೂತ್ಕತೀನಿ."

ಅವನು ಊರಿನ ಕಡೆಗೆ ಬೈಕು ತಿರುಗಿಸಿದ.

"ಏನ್ ಮಾಡ್‌ಬುಟ್ಟೆ ಅಕ್ಕಾ," ಮೂಡ್ಲಯ್ಯನ ದನಿ ಒಡೆದಿತ್ತು. "ಈಗ್ ನಾನೇನ್ ಮಾಡ್ಲಿ?"

ಬಸ್ಸು ಕಾಣಿಸಿತು. ಚಿಕ್ಕಮಾರಮ್ಮ ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ತಮ್ಮನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

"ನಾಲ್ಕೇ ಸ್ಕ್ರೂ ಕಣೋ. ಕತ್ಲಾಗೋದ್ರೊಳ್ಗೆ ಬಿಚ್ಚು. ಆಮೇಲೆ ಪಕ್ಕದ್ ಮನೇಗೂ ಕೊಡು."